ಮೈಸೂರಿನ ಕೆರೆಗಳೂ ಪ್ರಜಾಶ್ರಮದ ಪೋಷಣೆಯೂ

ಉತ್ತರಕ್ಕೆ ಕಾವೇರಿಯೂ ದಕ್ಷಿಣಕ್ಕೆ ಕಪಿಲೆಯೂ ತುಂಬಿ ಹರಿಯುತ್ತಿದ್ದರೂ ಮೈಸೂರು ನಗರದ ಎಲ್ಲೆಯೊಳಗೆ ಹೇಳಿಕೊಳ್ಳುವಂಥ ನದಿಯೊಂದೂ ಇಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಏರುತಗ್ಗಿನ ನೆಲದಲ್ಲಿ ಬೆಳೆದ ಈ ರಾಜಧಾನಿ ಶತಮಾನಗಳ ಕಾಲ ಜೀವಿಸಿದುದು ಆಕಾಶದಿಂದ ಬಿದ್ದ ನೀರನ್ನು ಮಣ್ಣಿನ ಏರಿಗಳಿಂದ ತಡೆದು ನಿಲ್ಲಿಸಿಕೊಂಡು. ಆದುದರಿಂದ ಈ ಊರಿನ ಪೂರ್ವಕಥೆಯನ್ನು ಅರಿಯಬಯಸುವವನು ಅರಮನೆಯ ವಂಶಾವಳಿಯನ್ನೂ ದಸರೆಯ ವೈಭವವನ್ನೂ ಎಷ್ಟು ಶ್ರದ್ಧೆಯಿಂದ ಓದುವನೋ ಅಷ್ಟೇ ಶ್ರದ್ಧೆಯಿಂದ ಕುಕ್ಕರಹಳ್ಳಿ, ಲಿಂಗಾಂಬುಧಿ, ಕಾರಂಜಿ ಮೊದಲಾದ ಕೆರೆಗಳ ಏರಿಗಳನ್ನೂ ನೋಡಬೇಕಾಗುತ್ತದೆ. ನೋಡಿ, ಈ ಮಣ್ಣನ್ನು ಹೊತ್ತವರು ಯಾರು, ಹೊತ್ತವರ ಹೊಟ್ಟೆಗೆ ಹಾಕಿದವರು ಯಾರು, ಕಟ್ಟಿದ ಮೇಲೆ ವರ್ಷವರ್ಷವೂ ಹೂಳೆತ್ತಿ ಕಾಪಾಡಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಮೊದಲ ಎರಡಕ್ಕೆ ಶಾಸನಗಳೂ ಸರ್ಕಾರದ ವರದಿಗಳೂ ತಕ್ಕಮಟ್ಟಿಗೆ ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಉತ್ತರ ಹುಡುಕುತ್ತ ಹೋದಂತೆ, ಲೋಕೋಪಯೋಗಿಯಾದ ಕೆಲಸವನ್ನು ಪೋಷಿಸುವುದೆಂದರೇನು ಎಂಬ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ತಿಳಿವಳಿಕೆ ಎಷ್ಟು ಆಳವಾದುದಾಗಿತ್ತೆಂಬುದೂ, ಅದು ನಮ್ಮ ಕೈಯಿಂದ ಹೇಗೆ ಸ್ವಲ್ಪಸ್ವಲ್ಪವಾಗಿ ಜಾರಿಹೋಯಿತೆಂಬುದೂ ಕಾಣಬರುತ್ತವೆ.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯ ಸಂಬಂಧವಾದ ದತ್ತಿಗಳು ಹೇರಳವಾಗಿವೆ. ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ಈ ದತ್ತಿಗಳ ಸ್ವರೂಪ ಸ್ಥೂಲವಾಗಿ ಒಂದೇ: ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಕೆಟ್ಟುಹೋದ ಕೆರೆಯನ್ನು ಸರಿಪಡಿಸಿದವನಿಗೆ ಆ ಕೆರೆಯ ನೀರಿನಿಂದಲೇ ಬೆಳೆಯುವ ಗದ್ದೆಯಲ್ಲಿ ಒಂದು ಭಾಗವನ್ನು ಕಂದಾಯವಿಲ್ಲದೆ, ಅಥವಾ ಕಡಿಮೆ ಕಂದಾಯಕ್ಕೆ, ಸಂತತಿಪರ್ಯಂತವಾಗಿ ಬಿಟ್ಟುಕೊಡುವುದು. ಈ ಏರ್ಪಾಡಿನ ಮರ್ಮವಿರುವುದು ‘ಆ ಕೆರೆಯ ನೀರಿನಿಂದಲೇ’ ಎಂಬಲ್ಲಿ. ಕೆರೆ ತುಂಬಿದರೆ ದತ್ತಿಯ ಗದ್ದೆ ಬೆಳೆಯಿತು. ಹೂಳು ತುಂಬಿ ತೂಬು ಮುಚ್ಚಿದರೆ ದತ್ತಿಯೂ ಒಣಗಿತು. ಪ್ರಭುವಿನ ಬೊಕ್ಕಸದಿಂದ ಹಣದ ರೂಪದಲ್ಲಿ ಬರುವ ಸಹಾಯವು ಪ್ರಭುವಿನ ಮನಸ್ಸು ತಿರುಗಿದ ದಿನ ನಿಂತುಹೋಗಬಹುದು; ನೀರಿಗೇ ಗಂಟುಹಾಕಿದ ಈ ಸಹಾಯವು ರಾಜ್ಯಗಳು ಉರುಳಿದರೂ ನಡೆದುಕೊಂಡು ಬರುವಂಥದಾಗಿತ್ತು.

ವಿಜಯನಗರದ ಕಾಲದ ಶಾಸನಗಳಲ್ಲಿ ಕೆರೆಬಂಡಿಯ ಪ್ರಸ್ತಾಪ ಬರುತ್ತದೆ. ಹೂಳನ್ನೆತ್ತಿ ಏರಿಗೆ ಹಾಕುವುದಕ್ಕೆಂದೇ ನಿಯಮಿತವಾದ ಬಂಡಿ ಅದು. ಬಂಡಿಯನ್ನು ಎಳೆಯುವ ಪಶುಗಳ ಪಾಲನೆಗೂ, ಹೊಡೆಯುವವನ ಜೀವನಕ್ಕೂ, ಕೊನೆಗೆ ಗಾಲಿಗೆ ಹಾಕುವ ಎಣ್ಣೆಗೂ ಕೂಡ ದತ್ತಿ ಬಿಟ್ಟಿರುವುದುಂಟು. ದೇವಾಲಯದ ನಂದಾದೀಪಕ್ಕೆ ಎಣ್ಣೆ ಬಿಟ್ಟ ದಾನಿಗಳನ್ನು ನಾವೆಲ್ಲ ಸ್ಮರಿಸುತ್ತೇವೆ. ಹೂಳು ಹೊರುವ ಬಂಡಿಯ ಗಾಲಿಗೆ ಎಣ್ಣೆ ಬಿಟ್ಟ ದಾನಿ ಅವರಿಗಿಂತ ಕಡಿಮೆ ಧರ್ಮಬುದ್ಧಿಯವನೆಂದು ನನಗೆ ತೋರುವುದಿಲ್ಲ. ಇದೇ ಕಾಲದ್ದಾದ ಒಂದು ಪ್ರಸಿದ್ಧ ಶಾಸನ ನಮ್ಮ ನೆರೆಯ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಅಲ್ಲಿ ಒಂದು ಮಹಾತಟಾಕವನ್ನು ಕಟ್ಟಿಸಿ, ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟಬಹುದಾದ ಆರು ದೋಷಗಳನ್ನೂ ಸಂಸ್ಕೃತದಲ್ಲಿ ವಿಸ್ತಾರವಾಗಿ ಬರೆಯಿಸಿರುವನು. ದಿನವೊಂದಕ್ಕೆ 1000 ಆಳುಗಳು ಏರಿಯ ಕೆಲಸದಲ್ಲಿಯೂ 100 ಬಂಡಿಗಳು ಕಲ್ಲು ಸಾಗಿಸುವುದರಲ್ಲಿಯೂ ತೊಡಗಿದ್ದು ಎರಡು ವರ್ಷಗಳಲ್ಲಿ ಕಾರ್ಯ ಮುಗಿಯಿತೆಂಬ ಲೆಕ್ಕವೂ ಅದರಲ್ಲಿದೆ. ರಾಜಪ್ರಶಸ್ತಿಯ ನಡುವೆ ಆಳುಬಂಡಿಗಳ ಲೆಕ್ಕವನ್ನು ಕೊಟ್ಟ ಆ ಶಾಸನಕರ್ತನಿಗೆ ನಾವು ಋಣಿಗಳಾಗಿರಬೇಕು.

ಆದರೆ ಹಳೆಯದೆಲ್ಲವೂ ಹೊನ್ನಾಗಿತ್ತೆಂದು ಭಾವಿಸುವುದು ಸತ್ಯಕ್ಕೆ ದೂರವಾದೀತು. ದತ್ತಿಯ ಗದ್ದೆ ಗೌಡನಿಗೂ ಅಗ್ರಹಾರದ ಮಹಾಜನರಿಗೂ ದಕ್ಕಿದಂತೆ ಮಣ್ಣು ಹೊತ್ತವರಿಗೆ ದಕ್ಕಿದುದು ವಿರಳ. ಬಿಟ್ಟಿಯೆಂಬ ಹೆಸರಿನಲ್ಲಿ ಕೂಲಿಯಿಲ್ಲದೆ ದುಡಿಸಿಕೊಳ್ಳುವ ಪದ್ಧತಿಯು ನಾಡಿನಲ್ಲೆಲ್ಲ ಪ್ರಚುರವಾಗಿತ್ತಷ್ಟೆ. ಗ್ರಾಮದ ಆಯಗಾರರಲ್ಲಿ ಒಬ್ಬನಾದ ನೀರುಗಂಟಿಯು, ಮಳೆಗಾಲದ ನಡುರಾತ್ರಿಯಲ್ಲಿ ಏರಿಯ ಮೇಲೆ ತಿರುಗಿ ಕೋಡಿ ಹರಿಯುವುದನ್ನು ನೋಡಿಕೊಂಡು, ಬೇಸಗೆಯಲ್ಲಿ ತೂಬೆತ್ತಿ ಗದ್ದೆಗದ್ದೆಗೂ ಸರದಿಯಂತೆ ನೀರು ಬಿಟ್ಟು, ಸುಗ್ಗಿಯಲ್ಲಿ ಕಣದಿಂದ ಇಷ್ಟು ಮೊರ ಧಾನ್ಯವೆಂದು ಆಯ ಪಡೆಯುತ್ತಿದ್ದನು. ಊರಿನ ಜೀವವನ್ನೇ ಕೈಯಲ್ಲಿ ಹಿಡಿದಿದ್ದ ಈ ಮನುಷ್ಯನು ಬಹುಪಾಲು ಕಡೆ ಊರಿನ ಹೊರಗೇ ವಾಸಿಸಬೇಕಾದ ಜಾತಿಯವನಾಗಿದ್ದನೆಂಬುದನ್ನು ಮರೆತು ಗ್ರಾಮವ್ಯವಸ್ಥೆಯ ಗುಣಗಾನ ಮಾಡುವುದು ನನ್ನಿಂದಾಗದು.

ಮಣ್ಣಿನ ಕೆಲಸದಲ್ಲಿ ಕುಲಪರಂಪರೆಯಿಂದ ನುರಿತವರು ಒಡ್ಡರು, ಈಗ ಭೋವಿಗಳೆಂದು ಕರೆಯಲ್ಪಡುವವರು. ಮಣ್ಣೊಡ್ಡರು ಕೆರೆ, ಬಾವಿ, ಕಾಲುವೆಗಳನ್ನು ತೋಡುವರು. ಕಲ್ಲೊಡ್ಡರು ಬಂಡೆ ಸೀಳುವರು. ಇವರು ಊರೂರಿಗೆ ಸಂಸಾರಸಮೇತ ತೆರಳಿ ಕೆಲಸದ ಸ್ಥಳದಲ್ಲಿಯೇ ಗುಡಿಸಲು ಹಾಕಿಕೊಂಡು, ಗಂಡಸು ಹಾರೆ ಗುದ್ದಲಿಗಳಿಂದ ಅಗೆದು ಮಂಕರಿಗೆ ತುಂಬಿದರೆ ಹೆಂಗಸು ತಲೆಯ ಮೇಲೆ ಹೊತ್ತು ಏರಿಗೆ ಸುರಿಯುವಳು. ಕೂಲಿ ಆಳೆಣಿಕೆಯ ಮೇಲಲ್ಲ, ತೆಗೆದ ಮಣ್ಣಿನ ಅಳತೆಯ ಮೇಲೆ. ಆ ಅಳತೆ ಗೊತ್ತಾಗಲೆಂದು ಅಗೆದ ಗುಂಡಿಯ ನಡುನಡುವೆ ಮೂಲ ನೆಲದ ಎತ್ತರಕ್ಕೆ ಒಂದೊಂದು ಮಣ್ಣಿನ ಕಂಬವನ್ನು ಕಡಿಯದೆ ಬಿಟ್ಟಿರುತ್ತಾರೆ. ಅದರ ನೆತ್ತಿಯ ಮೇಲಿನ ಹುಲ್ಲು ಹಾಗೆಯೇ ಇರುತ್ತದೆ. ಅಳತೆಗಾರನು ಬಂದು ಗುಂಡಿಯ ಉದ್ದಗಲಗಳನ್ನು ಹಿಡಿದು, ಕಂಬದ ಪಕ್ಕದಲ್ಲಿ ಕೋಲಿಟ್ಟು ಆಳ ನೋಡಿ ಲೆಕ್ಕ ಬರೆದುಕೊಂಡ ಮೇಲೆಯೇ ಅದನ್ನು ಕೆಡವುವುದು. ನೆತ್ತಿಯ ಹುಲ್ಲು ಕಿತ್ತುಹೋಗಿದ್ದರೆ ಮೇಲೆ ಮಣ್ಣು ಮೆತ್ತಿ ಎತ್ತರ ಹೆಚ್ಚಿಸಿರಬಹುದೆಂಬ ಅನುಮಾನಕ್ಕೆ ಎಡೆಯಾಗುವುದರಿಂದ ಆ ಹಿಡಿಹುಲ್ಲನ್ನು ಒಡ್ಡರ ಮಕ್ಕಳು ಕೂಡ ಮುಟ್ಟುವುದಿಲ್ಲ. ಅಕ್ಷರವರಿಯದ ಕೂಲಿಕಾರನಿಗೂ ಲೆಕ್ಕವರಿತ ಅಧಿಕಾರಿಗೂ ನಡುವೆ ಇಬ್ಬರೂ ಒಪ್ಪಬಲ್ಲ ಸಾಕ್ಷಿಯಾಗಿ ನಿಂತ ಆ ಕಂಬದಂಥ ನ್ಯಾಯವಾದ ದಾಖಲೆಯನ್ನು ನಾನು ಬೇರೆ ಕಂಡಿಲ್ಲ.

ಮೈಸೂರಿನ ಸುತ್ತ ನಡೆದ ದೊಡ್ಡ ಜಲಕಾರ್ಯಗಳಲ್ಲಿ ಮೊದಲು ನೆನೆಯಬೇಕಾದುದು ಪೂರ್ಣಯ್ಯನವರ ನಾಲೆ. 1799ರಿಂದ 1811ರವರೆಗೆ ದಿವಾನಗಿರಿ ನಡೆಸಿದ ಪೂರ್ಣಯ್ಯನವರು ಕಾವೇರಿಯ ನೀರನ್ನು ರಾಜಧಾನಿಗೆ ತರಬೇಕೆಂಬ ಮಹತ್ತ್ವಾಕಾಂಕ್ಷೆಯಿಂದ ಆಳವಾದ ಕಾಲುವೆಯೊಂದನ್ನು ತೋಡಿಸಿದರು. ಉದ್ದೇಶ ಈಡೇರಲಿಲ್ಲ, ನದಿ ಊರಿಗೆ ಬರಲಿಲ್ಲ. ಆದರೂ ಅಷ್ಟೊಂದು ಜನರ ಶ್ರಮ ಪೂರ್ತಿ ವ್ಯರ್ಥವಾಗಲಿಲ್ಲವೆಂಬುದು ಸಮಾಧಾನಕರವಾದ ಸಂಗತಿ. ಆ ನಾಲೆಯು ಮಳೆಯ ನೀರನ್ನು ಕೂಡಿಸಿ ತರುವ ಪೋಷಕ ಕಾಲುವೆಯಾಗಿ ಪರಿಣಮಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ನಿರ್ಮಿಸಿದ ಕುಕ್ಕರಹಳ್ಳಿ ಕೆರೆಯನ್ನು ತುಂಬಿಸಿತು. ನಗರದೊಳಗೆ ಹಾದುಹೋಗುತ್ತಿದ್ದ ಅದರ ಭಾಗವು ಕೊಳಕಿನ ಆಗರವಾಗಲು, ಅದನ್ನು ಮುಚ್ಚಿ ಅದರ ಮೇಲೆ ವಿಶಾಲವಾದ ಸಯ್ಯಾಜಿರಾವ್ ರಸ್ತೆಯನ್ನು ನಿರ್ಮಿಸಿದರು. ದಸರೆಯ ಮೆರವಣಿಗೆ ಇಂದು ಸಾಗುವ ಆ ರಾಜಮಾರ್ಗದ ಕೆಳಗೆ ಇನ್ನೂರು ವರ್ಷಗಳ ಹಿಂದೆ ಗುದ್ದಲಿ ಹಿಡಿದವರ ಬೆವರು ಇಂಗಿದೆಯೆಂಬುದನ್ನು ನೆನೆಯುವವರು ಕಡಿಮೆ.

ಮುಮ್ಮಡಿಯವರೇ ತಮ್ಮ ರಾಣಿ ಕೃಷ್ಣವಿಲಾಸ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಲಿಂಗಾಂಬುಧಿ ಕೆರೆಯನ್ನು ಕಟ್ಟಿಸಿದರು. ಪ್ರಿಯಜನರ ಸ್ಮರಣೆಗಾಗಿ ಕೆರೆಬಾವಿಗಳನ್ನು ಕಟ್ಟಿಸುವ ಸಂಪ್ರದಾಯವು ಪುರಾತನವಾದುದು. ಈ ಎರಡು ಕೆರೆಗಳ ನಡುವೆ ಕಳೆದ ಮೂವತ್ತಾರು ವರ್ಷಗಳಲ್ಲಿ ರಾಜ್ಯದ ಸ್ಥಿತಿಯೇ ಪಲ್ಲಟವಾಗಿತ್ತು. 1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿತು. ಕೆರೆಗಳ ಪಾಲನೆಯು ಕ್ರಮೇಣ ಮರಾಮತ್ತು ಇಲಾಖೆಯ ಕಡತಗಳೊಳಗೆ ಬಂತು. ಮುಖ್ಯ ಇಂಜಿನಿಯರರಾಗಿದ್ದ ಮೇಜರ್ ಸ್ಯಾಂಕಿಯವರು 1866ರಲ್ಲಿ ಬರೆದ ವರದಿಯಲ್ಲಿ, ಸಂಸ್ಥಾನದ 27,269 ಚದರ ಮೈಲಿ ವಿಸ್ತೀರ್ಣದಲ್ಲಿ ಸುಮಾರು ನೂರಕ್ಕೆ ಅರುವತ್ತರಷ್ಟು ಭೂಮಿಯು ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ಜಾಲದೊಳಗೆ ಬಂದಿದೆಯೆಂದೂ, ಹೊಸ ದೊಡ್ಡ ಕೆರೆಗೆ ಸ್ಥಳ ಸಿಕ್ಕುವುದೇ ಕಷ್ಟವೆಂದೂ ಬೆರಗಿನಿಂದ ಹೇಳಿದರು. ಬೆರಗಿನ ಜೊತೆಗೆ ಚಿಂತೆಯೂ ಇತ್ತು. ಒಂದರ ಕೋಡಿ ಮತ್ತೊಂದಕ್ಕೆ ಹರಿಯುವ ಈ ಸರಪಣಿಯಲ್ಲಿ ಮೇಲಿನ ಒಂದು ಕೆರೆ ಒಡೆದರೆ ಕೆಳಗಿನ ಹತ್ತು ಒಡೆಯುವ ಭಯವಿತ್ತು. ತೂಬು, ಕೋಡಿ ಮೊದಲಾದ ಕಲ್ಲುಗಾರೆಯ ಕೆಲಸ ಸರ್ಕಾರದ್ದು, ಏರಿಗೆ ಮಣ್ಣು ಹಾಕುವುದು ಅಚ್ಚುಕಟ್ಟಿನ ರೈತರದ್ದು ಎಂಬ ವಿಭಾಗವನ್ನು ಅಧಿಕಾರಿಗಳು ಸ್ಥಿರಪಡಿಸಿದರು. ಕಾಗದದ ಮೇಲೆ ಇದು ಹಳೆಯ ಪದ್ಧತಿಯ ಮುಂದುವರಿಕೆಯಂತೆ ಕಾಣುತ್ತಿತ್ತು. ಆದರೆ ಹಳೆಯ ಕೊಡಗೆಗಳು ಇನಾಮು ತನಿಖೆಯಲ್ಲಿ ಸಿಕ್ಕಿ ಸೊರಗಿದ್ದವು; ಕರ್ತವ್ಯ ಉಳಿದು ಅದನ್ನು ಪೋಷಿಸುತ್ತಿದ್ದ ಫಲ ಹೋಗಿತ್ತು. ಫಲವಿಲ್ಲದ ಕರ್ತವ್ಯವನ್ನು ರೈತನು ಬಿಟ್ಟಿಯೆಂದೇ ಎಣಿಸಿದುದರಲ್ಲಿ ಆಶ್ಚರ್ಯವೇನು?

ಇಂಥ ಶಿಥಿಲಸ್ಥಿತಿಯಲ್ಲಿರುವಾಗ ಬಂದುದು 1876ರ ಧಾತು ಸಂವತ್ಸರ. ಅದರ ಮುಂದಿನ ಈಶ್ವರ ಸಂವತ್ಸರವನ್ನೂ ಸೇರಿಸಿಕೊಂಡು ನಮ್ಮ ಜನ ‘ಧಾತು ಈಶ್ವರದ ಬರ’ ಎಂದು ತಲೆಮಾರುಗಳ ಕಾಲ ಉಸುರಿದ ಆ ಮಹಾಕ್ಷಾಮದ ವಿವರಗಳನ್ನು ಓದುವಾಗ ಪುಟ ತಿರುಗಿಸುವುದು ಕಷ್ಟವಾಗುತ್ತದೆ. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತೆಂದರೆ, ಸಹಜವಾಗಿ ಆಗಬೇಕಾಗಿದ್ದ ವೃದ್ಧಿಯನ್ನು ಬದಿಗಿಟ್ಟರೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಲೆಕ್ಕದಿಂದಲೇ ಮಾಯವಾಗಿದ್ದರು. ಮಳೆ ಹೋಯಿತು, ಕೆರೆ ಬತ್ತಿತು, ರಾಗಿಯ ಕಣಜಗಳು ಬರಿದಾದವು; ದನಕರುಗಳು ಮೊದಲು ಹೋದವು, ಕೂಲಿಗಾರರೂ ನೇಕಾರರೂ ಅನಂತರ.

ಸರ್ಕಾರವು ಎರಡು ವಿಧದ ಉಪಾಯಗಳನ್ನು ಹೂಡಿತು. ದುಡಿಯಲಾರದವರಿಗೆ ಗಂಜಿಯ ಮನೆಗಳು, ದುಡಿಯಬಲ್ಲವರಿಗೆ ಪರಿಹಾರಕಾರ್ಯಗಳು. ಮೊದಲಲ್ಲಿ ಈ ಕಾರ್ಯಗಳು ತಾಲ್ಲೂಕುತಾಲ್ಲೂಕುಗಳಲ್ಲಿ ಚೆದುರಿದ ಚಿಕ್ಕಪುಟ್ಟ ಕೆಲಸಗಳಾಗಿದ್ದವು: ಜಲ್ಲಿ ಒಡೆಯುವುದು, ದಾರಿಗೆ ಮಣ್ಣು ಹಾಕುವುದು, ಒಣಗಿದ ಕೆರೆಯ ಹೂಳೆತ್ತುವುದು. ಅಮಲ್ದಾರರ ಕೈಕೆಳಗೆ ನಡೆದ ಇವುಗಳಲ್ಲಿ ಅಳತೆಯೂ ಶಿಸ್ತೂ ಸಾಲದೆಂದು ಕಂಡುಬರಲು, 1877ರಲ್ಲಿ ಕ್ಷಾಮದ ಕಮಿಷನರರಾಗಿ ನಿಯುಕ್ತರಾದ ಚಾರ್ಲ್ಸ್ ಎಲಿಯಟ್ ಅವರೂ, ಉತ್ತರಹಿಂದೂಸ್ಥಾನದ ನೀರಾವರಿಯಲ್ಲಿ ನುರಿತು ಇಲ್ಲಿಗೆ ಬಂದ ಇಂಜಿನಿಯರ್ ಸ್ಕಾಟ್ ಮಾನ್‌ಕ್ರೀಫ್ ಅವರೂ, ಜನರನ್ನು ಇಂಜಿನಿಯರುಗಳ ಮೇಲ್ವಿಚಾರಣೆಯ ದೊಡ್ಡ ಕಾಮಗಾರಿಗಳಿಗೆ ಸೇರಿಸುವ ಕ್ರಮವನ್ನು ಕೈಗೊಂಡರು. ಅವುಗಳಲ್ಲಿ ಪ್ರಧಾನವಾದುದು ಬೆಂಗಳೂರಿನಿಂದ ಮೈಸೂರಿಗೆ ಬರುವ ರೈಲುದಾರಿಯ ಮಣ್ಣಿನ ಕೆಲಸ. ಭಾಗಭಾಗವಾಗಿ ತೆರೆಯುತ್ತ ಬಂದ ಆ ದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಇಂದು ಮಂಡ್ಯ, ಶ್ರೀರಂಗಪಟ್ಟಣಗಳ ಮಾರ್ಗವಾಗಿ ಎರಡು ಮೂರು ಗಂಟೆಗಳಲ್ಲಿ ನಾವು ಕಳೆಯುವ ಆ ಎಂಬತ್ತಾರು ಮೈಲಿಗಳ ದಿಣ್ಣೆಯು, ಒಂದು ಹೊತ್ತಿನ ಅನ್ನಕ್ಕಾಗಿ ಮಂಕರಿ ಹೊತ್ತವರ ಹೆಗಲಿನಿಂದ ಎದ್ದುನಿಂತದ್ದು.

ಈ ಪರಿಹಾರಕಾರ್ಯಗಳ ಹಿಂದಿದ್ದ ತತ್ತ್ವವನ್ನು ಕುರಿತು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಕೂಲಿಯು ಜೀವ ಹಿಡಿಯುವಷ್ಟಕ್ಕೆ ಮೀರಬಾರದು, ಕೆಲಸದ ಸ್ಥಳವು ಊರಿನಿಂದ ದೂರವಿರಬೇಕು, ನಿಜವಾಗಿ ಹಸಿದವನ ಹೊರತು ಬೇರೆಯವನು ಅಲ್ಲಿಗೆ ಬರಬಾರದು ಎಂಬುದು ಅಂದಿನ ಆಳರಸರ ಸಿದ್ಧಾಂತ. ನೆರೆಯ ಮದ್ರಾಸಿನಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಕೂಲಿಯನ್ನು ದಿನಕ್ಕೆ ಒಂದೂವರೆ ಪೌಂಡ್ ಧಾನ್ಯದ ಬೆಲೆಯಿಂದ ಒಂದು ಪೌಂಡಿಗೆ ಇಳಿಸಿದಾಗ, ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅವರು ಇಷ್ಟರಿಂದ ದುಡಿಯುವ ಮನುಷ್ಯ ಬದುಕಲಾರನೆಂದು ಬಲವಾಗಿ ಪ್ರತಿಭಟಿಸಿದರು. ಹಸಿವನ್ನೇ ಪರೀಕ್ಷೆಯ ಮಾನದಂಡವಾಗಿ ಮಾಡಿಕೊಂಡ ಪೋಷಣೆಯನ್ನು ಪೋಷಣೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗಿದ್ದೂ, ಬರದ ಕಾಲದಲ್ಲಿ ಪ್ರಜೆಗೆ ಕೆಲಸ ಒದಗಿಸುವುದು ಪ್ರಭುತ್ವದ ಧರ್ಮವೆಂಬ ಮಾತು ಲಿಖಿತ ನಿಯಮವಾಗಿ ರೂಪುಗೊಂಡುದಕ್ಕೆ ಈ ಮಾರಣವೇ ಕಾರಣವಾಯಿತು. ಮೈಸೂರಿನ ಕ್ಷಾಮವನ್ನು ಕಣ್ಣಾರೆ ಕಂಡು ಅದರ ಇತಿಹಾಸವನ್ನು ಬರೆದ ಎಲಿಯಟ್ ಅವರೇ ಅನಂತರ ಭಾರತದ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಗಳಾದರು. ಆ ಆಯೋಗದ 1880ರ ವರದಿಯಿಂದ ಕ್ಷಾಮಸಂಹಿತೆಗಳು ಹುಟ್ಟಿದುವು. ಯಾವ ಹಳ್ಳಿಯಲ್ಲಿ ಯಾವ ಕೆಲಸವನ್ನು ಮೊದಲೇ ಗುರುತಿಸಿ ನಕ್ಷೆ ಸಿದ್ಧವಾಗಿಟ್ಟುಕೊಂಡಿರಬೇಕು, ಯಾವ ವಯಸ್ಸಿನವನಿಗೆ ಎಷ್ಟು ಮಣ್ಣಿನ ಹೊರೆ, ಬಾಲಕನಿಗೆ ಎಷ್ಟು ಕೂಲಿ ಎಂಬ ಅವುಗಳ ಕಟ್ಟಳೆಗಳ ಹಿಂದೆ ನಮ್ಮ ಸೀಮೆಯ ಒಡಲ ಉರಿಯ ಅನುಭವವೂ ಸೇರಿದೆ.

ಈ ಎಲ್ಲಕ್ಕೂ ಹಣ ಕೊಟ್ಟವರು ಯಾರು? ಕೊನೆಯಲ್ಲಿ ಮೈಸೂರಿನ ಪ್ರಜೆಯೇ. ಸಂಸ್ಥಾನದ ಸಂಚಿತನಿಧಿ ಕರಗಿಹೋಗಿ, ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲ ಬೆಳೆದಿತ್ತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂತಿರುಗಿದಾಗ ಅದರೊಡನೆ ಈ ಸಾಲದ ಹೊರೆಯೂ ಬಂತು. ದಿವಾನ್ ರಂಗಾಚಾರ್ಲು ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕರೆದಾಗ ಅಲ್ಲಿಗೆ ಬಂದ 144 ಮಂದಿ ಪ್ರತಿನಿಧಿಗಳು ಬರದ ಬವಣೆಯಿಂದ ಆಗತಾನೆ ಎದ್ದುಬಂದ ಸೀಮೆಗಳ ಜನ. ನೀರಾವರಿ ಮತ್ತು ಲೋಕೋಪಯೋಗಿ ಕಾರ್ಯಗಳನ್ನು ಕುರಿತು ಪ್ರಜೆಯ ಬಾಯಿಂದಲೇ ಕೇಳುವ ಪದ್ಧತಿ ಆ ಸಭೆಯೊಡನೆ ಆರಂಭವಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬರುವಷ್ಟರಲ್ಲಿ ಹೊಸದೊಂದು ಪ್ರಯತ್ನ ಕಾಣಿಸಿಕೊಳ್ಳುತ್ತದೆ. 1911ರಲ್ಲಿ ಕೆರೆ ಪಂಚಾಯತಿಗಳ ಶಾಸನವಾಯಿತು. ಅಚ್ಚುಕಟ್ಟಿನ ರೈತರೇ ಒಂದು ಮಂಡಲಿಯಾಗಿ ಸೇರಿ ತಮ್ಮ ಕೆರೆಯ ದುರಸ್ತಿಯನ್ನು ತಾವೇ ನಡೆಸಿಕೊಳ್ಳಲು ಅದು ದಾರಿ ಮಾಡಿಕೊಟ್ಟಿತು. 1912ರಲ್ಲಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು ಎರಡು ವರ್ಷಗಳೊಳಗಾಗಿ ಗ್ರಾಮಾಭ್ಯುದಯದ ಯೋಜನೆಯನ್ನು ಜಾರಿಗೆ ತಂದರು. ಊರೂರಿಗೊಂದು ಸಮಿತಿ, ಊರಿನವರು ವಾರಕ್ಕೆ ಅರ್ಧ ದಿನ ಕೂಲಿಯಿಲ್ಲದೆ ಊರಿನ ಕೆಲಸಕ್ಕಾಗಿ ದುಡಿಯುವುದು, ಬಾವಿ ತೋಡುವುದು, ಕೊಳಚೆಗುಂಡಿ ಮುಚ್ಚುವುದು, ದಾರಿ ಸರಿಮಾಡುವುದು, ಕೆರೆಯ ಏರಿಯ ಮೇಲಿನ ಗಿಡಗಂಟಿಗಳನ್ನು ಕಡಿಯುವುದು, ಅವರ ವಂತಿಗೆಗೆ ಸರ್ಕಾರದ ಸಹಾಯಧನ ಕೂಡುವುದು. ಇಂಜಿನಿಯರರೊಬ್ಬರು ದಿವಾನರಾದಾಗ ಹುಟ್ಟಿದ ಈ ಯೋಜನೆಯಲ್ಲಿ ಎಲ್ಲವೂ ಕೋಷ್ಟಕಗಳಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು. ಅರ್ಧ ದಿನದ ದುಡಿಮೆಗೂ ರೂಪಾಯಿಯ ಬೆಲೆ ಕಟ್ಟಿ ವಾರ್ಷಿಕ ವರದಿಗಳಲ್ಲಿ ತೋರಿಸುತ್ತಿದ್ದರು. ಆಸಕ್ತನಾದ ಅಮಲ್ದಾರನೂ ಸಜ್ಜನನಾದ ಪಟೇಲನೂ ಇದ್ದ ಊರುಗಳಲ್ಲಿ ಒಳ್ಳೆಯ ಕೆಲಸ ನಡೆಯಿತು. ಇತರ ಕಡೆ, ದಿನದ ಕೂಲಿಯಿಂದಲೇ ಒಲೆ ಹಚ್ಚುವ ಬಡವನಿಗೆ ಆ ಅರ್ಧ ದಿನವೂ ಭಾರವಾಗಿ, ಹತ್ತು ಎಕರೆ ಗದ್ದೆಯವನೂ ಏನಿಲ್ಲದವನೂ ಸಮನಾಗಿ ದುಡಿಯಬೇಕೆಂಬ ವಿಧಿಯು ಸಮತೆಯ ವೇಷದ ಅಸಮತೆಯಾಗಿ ತೋರಿದ್ದರೆ ತಪ್ಪೆನ್ನಲಾಗದು.

ದುಡಿಯುವ ಬಡವನನ್ನು ಪೋಷಿಸುವುದು ಹೇಗೆಂಬ ಇದೇ ಪ್ರಶ್ನೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನವು ಮುಂದೆ ಬೇರೆ ರೀತಿಯಲ್ಲಿ ಬಿಡಿಸಿತು. 1933ರ ಘೋರವಾದ ಆರ್ಥಿಕ ಮುಗ್ಗಟ್ಟಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು ನಿರುದ್ಯೋಗಿ ತರುಣರ ಸಂರಕ್ಷಣಾ ದಳವೊಂದನ್ನು ಸ್ಥಾಪಿಸಿ, ಶಿಬಿರಗಳಲ್ಲಿ ಊಟವಸತಿಗಳನ್ನಿತ್ತು, ಅರಣ್ಯ ಬೆಳೆಸುವುದು, ಮಣ್ಣಿನ ಸವಕಳಿ ತಡೆಯುವುದು, ಉದ್ಯಾನಗಳನ್ನು ನಿರ್ಮಿಸುವುದು ಮೊದಲಾದ ಕಾರ್ಯಗಳಲ್ಲಿ ತೊಡಗಿಸಿದರು. ತಿಂಗಳಿಗೆ 30 ಡಾಲರು ಸಂಬಳ. ಅದರಲ್ಲಿ 25 ಡಾಲರು ನೇರವಾಗಿ ಊರಿನಲ್ಲಿದ್ದ ತಂದೆತಾಯಿಗಳಿಗೆ ಹೋಗುತ್ತಿತ್ತು. 1942ರಲ್ಲಿ ದಳವು ವಿಸರ್ಜಿತವಾಗುವವರೆಗೆ ಸುಮಾರು 30 ಲಕ್ಷ ತರುಣರು ಅದರಲ್ಲಿ ದುಡಿದರು. ಧಾತು ಈಶ್ವರದ ಪರಿಹಾರಕಾರ್ಯವು ಹಸಿದವನನ್ನು ಸಂಶಯದಿಂದ ನೋಡಿತ್ತು. ಈ ದಳವು ಅವನನ್ನು ಗೌರವದಿಂದ ಕಂಡಿತು. ಎರಡೂ ಕಡೆ ಮಾಡಿದ ಕೆಲಸ ಮಣ್ಣು ಹೊರುವುದೇ. ಆದರೂ ಆ ದಳಕ್ಕೂ ಒಂದು ಮಿತಿಯಿತ್ತು: ಯುದ್ಧ ಬಂದು ಹಣ ನಿಂತೊಡನೆ ಶಿಬಿರಗಳು ಮುಚ್ಚಿದವು.

ಸ್ವಾತಂತ್ರ್ಯಾನಂತರ ನಮ್ಮಲ್ಲಿ ಶ್ರಮದಾನದ ಉತ್ಸಾಹ ಉಕ್ಕಿತು. 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದಂದಿನಿಂದ ಹಳ್ಳಿಹಳ್ಳಿಗಳಲ್ಲಿ ಜನ ಗುದ್ದಲಿ ಹಿಡಿದರು. ಆ ದಶಕದ ಆದರ್ಶವು ಮೈಸೂರಿನ ಬಾಗಿಲಿಗೇ ಬಂದ ದಿನಗಳೆಂದರೆ 1957ರ ಸೆಪ್ಟೆಂಬರ್ 21 ಮತ್ತು 22. ನಗರದ ಪಡುವಣಕ್ಕಿರುವ ಯಲವಾಲದಲ್ಲಿ ವಿನೋಬಾ ಭಾವೆಯವರ ಸನ್ನಿಧಿಯಲ್ಲಿ ಸೇರಿದ ಗ್ರಾಮದಾನ ಪರಿಷತ್ತಿಗೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಪ್ರಧಾನಿ ನೆಹರೂ ಅವರೂ, ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡ್ ಅವರೂ ಬಂದಿದ್ದರು. ಭಿನ್ನ ಪಕ್ಷಗಳ ಅಷ್ಟು ಮಂದಿ ನಾಯಕರು ಒಂದೆಡೆ ಕುಳಿತು ಭೂಮಿ ಮತ್ತು ಶ್ರಮಗಳ ಹಂಚಿಕೆಯನ್ನು ಚರ್ಚಿಸಿದ ದೃಶ್ಯವನ್ನು ಈ ನಾಡು ಮತ್ತೆ ಕಾಣಲಿಲ್ಲ. ಭೂಮಿಯಿಲ್ಲದವನ ಶ್ರಮ ಕೂಡ ದಾನವೆನಿಸಿಕೊಳ್ಳಬೇಕಾದರೆ ಮೊದಲು ಅವನಿಗೆ ಭೂಮಿಯಲ್ಲಿ ಪಾಲಿರಬೇಕೆಂಬ ಗ್ರಾಮದಾನದ ಅಂತರಾರ್ಥವು, ವಿಶ್ವೇಶ್ವರಯ್ಯನವರ ಕೋಷ್ಟಕಗಳಲ್ಲಿ ಸಿಗದೆಹೋದ ಅಂಶವನ್ನು ಮುಟ್ಟಿತ್ತು.

ವಿದ್ಯಾರ್ಥಿಗಳ ಪಾಲನ್ನು ಸ್ವಲ್ಪದರಲ್ಲಿಯೇ ಹೇಳಬಹುದು. ಗಾಂಧೀಜಿಯವರ ಜನ್ಮಶತಾಬ್ದಿಯ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಮೈಸೂರಿನ ಕಾಲೇಜುಗಳಲ್ಲಿಯೂ ಬೇರೂರಿತು. ಕುವೆಂಪು ಅವರು ಕಲ್ಪಿಸಿ ಹೆಸರಿಟ್ಟ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯು 1960ರಲ್ಲಿ ಕುಕ್ಕರಹಳ್ಳಿ ಕೆರೆಯ ದಡದಲ್ಲಿಯೇ ತಲೆಯೆತ್ತಿದುದರಿಂದ ಆ ಕೆರೆಯ ಹೊಣೆ ಸಹಜವಾಗಿಯೇ ವಿಶ್ವವಿದ್ಯಾನಿಲಯದ ಮೇಲೆ ಬಂತು. ಸೇವಾ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ, ಹಳ್ಳಿಯೊಂದರಲ್ಲಿ ಒಂದು ವಾರದ ಶಿಬಿರ. ಬೆಳಗಿನ ಚಳಿಯಲ್ಲಿ ಉಪ್ಪಿಟ್ಟು ತಿಂದು ಸಾಲಾಗಿ ನಿಂತು, ಕೈಯಿಂದ ಕೈಗೆ ಬುಟ್ಟಿ ದಾಟಿಸುತ್ತ ಚರಂಡಿ ತೋಡಿದ ಶಿಬಿರದ ಅನುಭವವು ಪೇಟೆಯ ಮಕ್ಕಳಿಗೆ ಕೊಟ್ಟ ಶಿಕ್ಷಣವು ಅಲ್ಪವೇನಲ್ಲ. ಆದರೆ ಶಿಬಿರ ಮುಗಿದ ಮರುವಾರ ಆ ಚರಂಡಿಯನ್ನು ನೋಡುವವರಿಲ್ಲದಿರುವುದು ಬಹುತೇಕ ಎಲ್ಲ ಕಡೆಯ ಕಥೆ.

ಇತ್ತೀಚಿನ ದಶಕಗಳಲ್ಲಿ ಪೋಷಕರ ಸ್ವರೂಪ ಮತ್ತೆ ಬದಲಾಗಿದೆ. ಮೃಗಾಲಯದ ಆಡಳಿತಕ್ಕೆ ಸೇರಿದ ಕಾರಂಜಿ ಕೆರೆಯು ಕೊಳಚೆ ತುಂಬಿ ಹಾಳಾಗಿದ್ದಾಗ, ಅದು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಮುಮ್ಮಡಿಯವರ ರಾಣಿಯ ಹೆಸರಿನ ಲಿಂಗಾಂಬುಧಿಯನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ನಡೆಸುತ್ತಿರುವ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದಲ್ಲಿ ಹೂಳೆತ್ತುವ ವೆಚ್ಚಕ್ಕೆ ಸಂಸ್ಥೆಯ ನೆರವು ದೊರೆತರೆ, ಎತ್ತಿದ ಗೋಡುಮಣ್ಣನ್ನು ರೈತರು ತಾವೇ ಸಾಗಿಸಿಕೊಂಡು ತಮ್ಮ ಹೊಲಗಳಿಗೆ ಹಾಕಿಕೊಳ್ಳುವರು. ಹಳೆಯ ಕೆರೆಗೊಡಗೆಯ ಒಂದು ಎಳೆ ಇಲ್ಲಿ ಉಳಿದಿರುವುದನ್ನು ಕಂಡು ನನಗೆ ಹರ್ಷವಾಗುತ್ತದೆ. ದುಡಿದವನಿಗೆ ಕೆರೆಯೇ ಪ್ರತಿಫಲ ಕೊಡುತ್ತಿದೆ. ಇನ್ನು 2005ರ ಉದ್ಯೋಗ ಖಾತರಿಯ ಅಧಿನಿಯಮವು 2008ರಲ್ಲಿ ಮೈಸೂರು ಜಿಲ್ಲೆಗೆ ವಿಸ್ತರಿಸಿ, ವರ್ಷದಲ್ಲಿ ಕುಟುಂಬಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿ ಮಾಡಿತು. ಗುತ್ತಿಗೆದಾರನಿಗೆ ಅವಕಾಶವಿಲ್ಲದೆ ನಡೆಯಬೇಕಾದ ಕೆಲಸಗಳಲ್ಲಿ ಕೆರೆಯ ಹೂಳೆತ್ತುವುದಕ್ಕೆ ಅಗ್ರಸ್ಥಾನಗಳಲ್ಲಿ ಒಂದನ್ನು ಅದು ನೀಡಿತು. 1877ರಲ್ಲಿ ಸಾಯುವ ಅಂಚಿನಲ್ಲಿದ್ದುದನ್ನು ತೋರಿಸಿಕೊಂಡರೆ ಮಾತ್ರ ದೊರೆಯುತ್ತಿದ್ದ ಕೆಲಸವನ್ನು, ನೂರಮೂವತ್ತು ವರ್ಷಗಳ ಮೇಲೆ ಅದೇ ಸೀಮೆಯ ಹೆಣ್ಣುಮಗಳು ಪಂಚಾಯತಿಗೆ ಅರ್ಜಿ ಬರೆದು ಕೇಳುವಂತಾದುದನ್ನು ಈ ಕಥೆಯ ಅತ್ಯುತ್ತಮ ಅಧ್ಯಾಯವೆಂದು ನಾನು ಎಣಿಸುತ್ತೇನೆ.

ಆದರೂ ಕಟ್ಟಿದ ಮೇಲೆ ಕಾಪಾಡುವವರು ಯಾರೆಂಬ ಮೂರನೆಯ ಪ್ರಶ್ನೆ ಹಾಗೆಯೇ ನಿಂತಿದೆ. ಬ್ಯಾಂಕಿನ ಸಾಲವಾಗಲಿ, ಸಂಸ್ಥೆಯ ನೆರವಾಗಲಿ, ಖಾತರಿಯ ಕೂಲಿಯಾಗಲಿ ಹೂಳೆತ್ತುವ ದಿನದವರೆಗೆ ಬರುತ್ತದೆ. ಆಮೇಲಿನ ಹತ್ತು ಮಳೆಗಾಲಗಳಿಗೆ ಬರುವುದಿಲ್ಲ. ಪೂರ್ಣಯ್ಯನ ನಾಲೆಯ ಪಾತ್ರದ ಮೇಲೆ ಬಡಾವಣೆಗಳು ಎದ್ದಿರುವಾಗ ಕುಕ್ಕರಹಳ್ಳಿಯ ಏರಿಯನ್ನು ಎಷ್ಟು ಅಂದಗೊಳಿಸಿದರೂ ಮಳೆಯ ನೀರು ಬರುವ ದಾರಿಯೇ ಇರುವುದಿಲ್ಲ. ಬರುವುದು ಮನೆಗಳ ಕೊಳಚೆ. ಕೆರೆಗೆ ಹಣ ನೀಡುವ ಪ್ರತಿಯೊಂದು ಸಂಸ್ಥೆಯೂ ಕಾಮಗಾರಿಯ ಮೊತ್ತದಲ್ಲಿ ಒಂದು ಪಾಲನ್ನು ಠೇವಣಿಯಾಗಿ ಇರಿಸಿ, ಅದರ ಬಡ್ಡಿಯಿಂದ ಆ ಕೆರೆಗೆ ಒಬ್ಬ ನೀರುಗಂಟಿಯನ್ನು ಗೌರವದ ಸಂಬಳದ ಮೇಲೆ ನೇಮಿಸಬೇಕು. ಕಾಲುವೆಯ ಬಾಯಿ ಕಟ್ಟಿದೆಯೇ, ಕೋಡಿಯ ಕಲ್ಲು ಸಡಿಲವಾಗಿದೆಯೇ, ಏರಿಯಲ್ಲಿ ಹೆಗ್ಗಣ ಬಿಲ ತೋಡಿದೆಯೇ ಎಂದು ನಿತ್ಯ ನೋಡಿ ಬರೆದಿಡುವುದು ಅವನ ಕೆಲಸವಾಗಬೇಕು. ಅವನು ಬರೆದುದನ್ನು ವರ್ಷಕ್ಕೊಮ್ಮೆ ಜ್ಯೇಷ್ಠಮಾಸದ ಮಳೆಗೆ ಮುಂಚೆ ಊರಿನವರ ಎದುರಿನಲ್ಲಿ ಓದಿಹೇಳುವ ನಿಯಮವಿರಬೇಕು. ಗಾಲಿಯ ಎಣ್ಣೆಯವರೆಗೂ ಲೆಕ್ಕಹಾಕಿ ದತ್ತಿ ಬಿಟ್ಟ ನಾಡಿನಲ್ಲಿ ಇದು ದುಸ್ಸಾಧ್ಯವಾದ ಬೇಡಿಕೆಯಾಗಲಾರದು. ಅದರ ಆರಂಭವು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿಯೇ ಇರುವ ಕುಕ್ಕರಹಳ್ಳಿಯಿಂದ ಆಗುವುದಾದರೆ, ನಾಲೆಯ ಉಳಿದಿರುವ ಪಾತ್ರವನ್ನು ಅಳೆದು ಗಡಿಕಲ್ಲು ನೆಡುವ ಕೆಲಸವನ್ನು ಅಲ್ಲಿನ ವಿದ್ಯಾರ್ಥಿಗಳ ಮುಂದಿನ ಶಿಬಿರಕ್ಕೇ ವಹಿಸಬಹುದು.